‘ಜೀವನದಲ್ಲಿ ಜಿಗುಪ್ಸೆ’: ಆ ಒಂದು ಸಾಲಿನ ಹಿಂದಿನ ಮನಸ್ಸು

ಆತ್ಮಹತ್ಯೆಯ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಒಂದು ಸಾಲಿನ ಕಾರಣದೊಂದಿಗೆ ಮುಗಿದುಹೋಗುತ್ತದೆ: ಸಾಲಬಾಧೆ, ಪರೀಕ್ಷೆಯಲ್ಲಿ ಅನುತ್ತೀರ್ಣ, ಇಲ್ಲವೇ ‘ಜೀವನದಲ್ಲಿ ಜಿಗುಪ್ಸೆಗೊಂಡು’. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. 2022ರಲ್ಲಿ ದೇಶದಲ್ಲಿ ದಾಖಲಾದ 1,70,924 ಆತ್ಮಹತ್ಯೆಗಳಲ್ಲಿ (ಕರ್ನಾಟಕದಲ್ಲಿ 13,606) ಶೇ 31.7ಕ್ಕೆ ಕೌಟುಂಬಿಕ ಸಮಸ್ಯೆ, ಶೇ 18.4ಕ್ಕೆ ಅನಾರೋಗ್ಯ ಕಾರಣವೆಂದು ಅದು ಬರೆದುಕೊಂಡಿದೆ. ಇವು ಪೊಲೀಸ್ ಠಾಣೆಯಿಂದ ಮೇಲೆ ಹೋದ ಅಂಕಣಗಳು. ಸಾಲವಿದ್ದೂ, ಮನೆಯಲ್ಲಿ ದಿನಾ ಜಗಳವಿದ್ದೂ ಬದುಕುತ್ತಿರುವವರು ಲಕ್ಷಾಂತರ. ಖಿನ್ನತೆ ಇರುವವರಲ್ಲೂ ಬಹುಪಾಲು ಜನ ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ. ಕಷ್ಟಕ್ಕೂ ಸಾವಿನ ಯೋಚನೆಗೂ ನಡುವೆ ಮನಸ್ಸಿನೊಳಗೆ ಏನು ನಡೆಯುತ್ತದೆ ಎಂಬುದೇ ನಿಜವಾದ ಪ್ರಶ್ನೆ.

1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಉತ್ತರವನ್ನು ಸಮಾಜದಲ್ಲಿ ಹುಡುಕಿದ. ವ್ಯಕ್ತಿಯ ಮನಸ್ಸಿನತ್ತ ಗಮನ ಹರಿದದ್ದು ತಡವಾಗಿ. ಸತ್ತವರು ಬಿಟ್ಟುಹೋದ ನೂರಾರು ಪತ್ರಗಳು ಲಾಸ್ ಏಂಜಲೀಸಿನ ಶವಪರೀಕ್ಷಾ ಕಚೇರಿಯಲ್ಲಿ ಮನೋವಿಜ್ಞಾನಿ ಎಡ್ವಿನ್ ಷ್ನೈಡ್‌ಮನ್ ಅವರ ಕಣ್ಣಿಗೆ ಬಿದ್ದದ್ದು 1949ರಲ್ಲಿ. ಜೀವಮಾನವಿಡೀ ಅದೇ ವಿಷಯ ಓದಿದ ಅವರು ಕೊನೆಗೆ ಬಂದ ತೀರ್ಮಾನ ಸರಳ: ಆ ಮನಸ್ಸು ಬಯಸುವುದು ಸಾವನ್ನಲ್ಲ, ತಾಳಲಾಗದ ವೇದನೆ ನಿಲ್ಲುವುದನ್ನು.

ಹಾಗಾದರೆ ವೇದನೆ ತಾನಾಗಿ ಕಡಿಮೆಯಾದೀತು ಎಂದು ಆ ಮನಸ್ಸು ಕಾಯುವುದಿಲ್ಲವೇಕೆ? ಇದನ್ನು ಅಳತೆಗೆ ತಂದವರು ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್. ಭವಿಷ್ಯದ ಬಗ್ಗೆ 20 ವಾಕ್ಯ, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂಬ ಉತ್ತರ; ಅವರ ಹತಾಶೆಯ ಮಾಪಕ ಅಷ್ಟೇ. ಅಂಕ ಹೆಚ್ಚಿದಷ್ಟೂ ಹತಾಶೆ ಹೆಚ್ಚು. ಸಾವಿನ ಯೋಚನೆಯಿಂದ ಆಸ್ಪತ್ರೆಗೆ ಸೇರಿದ್ದ 207 ಮಂದಿಯನ್ನು ಅವರ ತಂಡ ಹತ್ತು ವರ್ಷ ಹಿಂಬಾಲಿಸಿ 1985ರಲ್ಲಿ ಫಲಿತಾಂಶ ಪ್ರಕಟಿಸಿತು. ಮಾಪಕ ತುಂಬಿದ್ದವರಲ್ಲಿ ಮುಂದೆ ಆತ್ಮಹತ್ಯೆ ಮಾಡಿಕೊಂಡವರ ಪೈಕಿ ಶೇ 91ರಷ್ಟು ಮಂದಿಯ ಅಂಕ ಹತ್ತು ಅಥವಾ ಹೆಚ್ಚಿತ್ತು. ಖಿನ್ನತೆಯ ತೀವ್ರತೆ ಇಷ್ಟು ಸ್ಪಷ್ಟವಾದ ಸುಳಿವು ಕೊಡಲಿಲ್ಲ. ‘ಮನಸ್ಸಿಗೆ ತುಂಬಾ ಬೇಜಾರಾಗಿದೆ’ ಎನ್ನುವವರಿಗಿಂತ ‘ಇನ್ನು ಏನೂ ಸರಿಹೋಗಲ್ಲ ಬಿಡಿ’ ಎಂದು ತಣ್ಣಗೆ ಹೇಳುವವರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಹತಾಶೆ ಒಂದೇ ದಿನದಲ್ಲಿ ಬರುವುದಿಲ್ಲ. ಅದನ್ನು ಬೆಳೆಸುವುದು ಒಂದು ಅಭ್ಯಾಸ. ಇದಕ್ಕೆ ಸಾಕ್ಷಿ ಸಿಕ್ಕಿದ್ದು ಕಾಕತಾಳೀಯವಾಗಿ. ಬೇಸರವಾದಾಗ ಏನು ಮಾಡುತ್ತೀರಿ ಎಂದು ಮನೋವಿಜ್ಞಾನಿ ಸೂಸನ್ ನೋಲೆನ್-ಹೊಕ್ಸೆಮಾ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳನ್ನು ಕೇಳಿ ದಾಖಲಿಸಿದ್ದರು. ಹದಿನಾಲ್ಕು ದಿನಕ್ಕೆ, 1989ರ ಅಕ್ಟೋಬರ್‌ನಲ್ಲಿ, ಆ ಪ್ರದೇಶದಲ್ಲಿ ದೊಡ್ಡ ಭೂಕಂಪವಾಯಿತು. ಹತ್ತು ದಿನಗಳ ನಂತರ ಮತ್ತು ಏಳು ವಾರಗಳ ನಂತರ ಅವರು ಅದೇ ವಿದ್ಯಾರ್ಥಿಗಳನ್ನು ಮತ್ತೆ ಪರೀಕ್ಷಿಸಿದರು. ಭೂಕಂಪಕ್ಕೆ ಮೊದಲೇ ಬೇಸರವನ್ನು ಮೆಲುಕು ಹಾಕುವ ಅಭ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು.

ಮೆಲುಕು ಹಾಕುವವರಿಗೆ ತಾವು ಸಮಸ್ಯೆ ಬಿಡಿಸುತ್ತಿದ್ದೇವೆ ಎಂಬ ಭಾವನೆ ಇರುತ್ತದೆ. ತೊಡಕಿರುವುದು ಇಲ್ಲೇ. ‘ನನಗೇ ಯಾಕೆ ಹೀಗಾಯ್ತು’ ಎಂಬುದಕ್ಕೆ ಕೊನೆಯಿಲ್ಲ; ‘ನಾಳೆ ಬ್ಯಾಂಕಿಗೆ ಹೋಗಿ ಏನು ಕೇಳಲಿ’ ಎಂಬುದಕ್ಕೆ ಇದೆ. ಅರ್ಧ ಗಂಟೆ ಯೋಚಿಸಿದ ಮೇಲೂ ಮುಂದಿನ ಹೆಜ್ಜೆ ಹೊಳೆಯದಿದ್ದರೆ ಅದು ಯೋಚನೆಯಲ್ಲ, ಬರೀ ಮೆಲುಕು. ಎದ್ದು ಬೇರೆ ಕೆಲಸಕ್ಕೆ ಕೈಹಾಕುವುದೇ ಸರಿ.

ನೆನಪೂ ಈ ಹೊತ್ತಿನಲ್ಲಿ ಕೈಕೊಡುತ್ತದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ಮಾರ್ಕ್ ವಿಲಿಯಮ್ಸ್ ಮತ್ತು ಕೀತ್ ಬ್ರಾಡ್‌ಬೆಂಟ್ 1986ರಲ್ಲಿ ಒಂದೊಂದು ಪದ ಕೊಟ್ಟು, ಅದಕ್ಕೆ ಸಂಬಂಧಿಸಿದ ನಿರ್ದಿಷ್ಟ ಘಟನೆ ಹೇಳಿ ಎಂದರು. ‘ಹೋದ ಜಾತ್ರೆಯ ದಿನ ತಂಗಿಯ ಜೊತೆ ತೇರು ನೋಡಿದ್ದೆ’ ಎಂಬಂಥ ಉತ್ತರ ಅವರಿಂದ ಬರುವುದು ಕಷ್ಟವಾಯಿತು. ಬಂದದ್ದು ‘ಮೊದಲೆಲ್ಲ ಚೆನ್ನಾಗಿತ್ತು’ ಎಂಬ ಮಾದರಿಯವು. ಹಿಂದೊಮ್ಮೆ ಬಿಕ್ಕಟ್ಟು ದಾಟಿದ್ದು ಹೇಗೆಂಬ ವಿವರ ಸಿಗದಿದ್ದರೆ ಈಗಿನದ್ದಕ್ಕೆ ಉಪಾಯ ಹೊಳೆಯುವುದೆಲ್ಲಿಂದ? ‘ನಿನ್ನ ಹಳೆಯ ಒಳ್ಳೆಯ ದಿನಗಳನ್ನು ನೆನಪಿಸಿಕೋ’ ಎಂಬ ಉಪದೇಶ ಸೋಲುವುದು ಇದರಿಂದಲೇ.

ಆತಂಕವನ್ನು ಖಿನ್ನತೆಯ ಬಾಲ ಎಂದು ಬಹುಕಾಲ ನೋಡಲಾಗುತ್ತಿತ್ತು. ಜಾನ್ ಫಾಸೆಟ್ ಅವರ ತಂಡ 954 ರೋಗಿಗಳನ್ನು ಗಮನಿಸಿ 1990ರಲ್ಲಿ ಬೇರೆಯೇ ಚಿತ್ರ ಕೊಟ್ಟಿತು. ಒಂದು ವರ್ಷದೊಳಗಿನ ಆತ್ಮಹತ್ಯೆಗಳೊಂದಿಗೆ ತಳಕು ಹಾಕಿಕೊಂಡಿದ್ದವು ತೀವ್ರ ಆತಂಕ, ಪ್ಯಾನಿಕ್ (ಇದ್ದಕ್ಕಿದ್ದಂತೆ ಎರಗುವ ವಿಪರೀತ ಭಯ), ರಾತ್ರಿಯಿಡೀ ನಿದ್ದೆ ಇಲ್ಲದಿರುವುದು, ಏಕಾಗ್ರತೆ ಮತ್ತು ಆಸಕ್ತಿ ಕಳೆದುಕೊಳ್ಳುವುದು, ಮದ್ಯ. ಹತಾಶೆಯ ನಂಟು ಕಂಡದ್ದು ವರ್ಷದ ನಂತರದ ಸಾವುಗಳೊಂದಿಗೆ. ಹತಾಶೆ ದೂರದ ಅಪಾಯವಾದರೆ ನಿದ್ದೆಗೆಟ್ಟ ತಳಮಳ ಹತ್ತಿರದ್ದು. ಮೂರು ನಾಲ್ಕು ರಾತ್ರಿ ನಿದ್ದೆಯಿಲ್ಲದೆ ಮನೆಯೊಳಗೇ ಶತಪಥ ಹಾಕುವವರನ್ನು ‘ಸ್ವಲ್ಪ ಟೆನ್ಷನ್’ ಎಂದು ಬಿಡದೆ ವೈದ್ಯರ ಬಳಿ ಕರೆದೊಯ್ಯಬೇಕಾದ್ದು ಇದಕ್ಕೇ.

2005ರಲ್ಲಿ ಮನೋವಿಜ್ಞಾನಿ ಥಾಮಸ್ ಜಾಯ್ನರ್ ಇನ್ನೆರಡು ಅಂಶ ಮುಂದಿಟ್ಟರು: ನಾನು ಯಾರಿಗೂ ಸೇರಿದವನಲ್ಲ ಎಂಬ ಒಂಟಿತನ ಮತ್ತು ನಾನು ಎಲ್ಲರಿಗೂ ಹೊರೆ ಎಂಬ ನಂಬಿಕೆ. ಎರಡನೆಯದು ನಮ್ಮ ಮನೆಗಳಲ್ಲಿ, ಅದರಲ್ಲೂ ಹಾಸಿಗೆ ಹಿಡಿದ ಹಿರಿಯರಲ್ಲಿ, ಕೆಲಸ ಕಳೆದುಕೊಂಡ ಗಂಡಸರಲ್ಲಿ ತ್ಯಾಗದ ವೇಷದಲ್ಲಿ ಬರುತ್ತದೆ: ‘ನಾನಿಲ್ಲದಿದ್ದರೆ ನಿಮಗೆ ನಿರಾಳ’. ರೋರಿ ಓಕಾನರ್ 2011ರಲ್ಲಿ ಒತ್ತು ಕೊಟ್ಟದ್ದು ಸೋಲು ಮತ್ತು ಸಿಕ್ಕಿಬಿದ್ದ ಭಾವನೆಯ ಮೇಲೆ. ಯೋಚನೆ ಹುಟ್ಟಿಸುವ ಅಂಶಗಳೇ ಬೇರೆ, ಅದನ್ನು ಕೃತ್ಯಕ್ಕೆ ದೂಡುವವೇ ಬೇರೆ ಎಂಬುದು ಅವರ ಮುಖ್ಯ ವಾದ.

ಇಷ್ಟೆಲ್ಲ ತಿಳಿದ ಮೇಲೆ ಮುನ್ಸೂಚನೆ ಸಾಧ್ಯವಾಗಬೇಕಿತ್ತು. ಆಗಲಿಲ್ಲ. ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಗೂಡಿಸಿದ ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು 2017ರಲ್ಲಿ, ಯಾವ ಒಂದು ಅಂಶದಿಂದಲೂ ಊಹೆಗಿಂತ ಹೆಚ್ಚೇನೂ ನಿಖರವಾಗಿ ಹೇಳಲಾಗದು ಎಂದು ತೋರಿಸಿದರು. ಬೆಕ್ ಮಾಪಕವೂ ಹೊರತಲ್ಲ: ಅದರಲ್ಲಿ ಹೆಚ್ಚು ಅಂಕ ಬಂದ ಬಹುಪಾಲು ಜನ ಬದುಕಿಯೇ ಉಳಿದರು. ಯಾರು ಎಂದು ಪಟ್ಟಿ ಮಾಡುವುದಕ್ಕಿಂತ ಬಿಕ್ಕಟ್ಟಿನ ಗಳಿಗೆ ದಾಟಿಸುವುದು ಮೇಲೆಂದು ಈಗ ಅನೇಕ ತಜ್ಞರು ನೆಚ್ಚಿಕೊಂಡಿರುವುದು ಈ ಕಾರಣಕ್ಕೆ.

ಅದರ ಮುಖ್ಯ ಸಾಧನ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ. ಒಂದೇ ಹಾಳೆ, ಆರು ಹಂತ, ಬರೆಯಲು 20ರಿಂದ 45 ನಿಮಿಷ. ಬಿಕ್ಕಟ್ಟು ಶುರುವಾಗುವ ಸ್ವಂತ ಲಕ್ಷಣಗಳು ಮೊದಲು. ನಂತರ ಒಬ್ಬರೇ ಮಾಡಬಹುದಾದ ಕೆಲಸ, ಗಮನ ಬೇರೆಡೆ ಸೆಳೆಯುವ ಜನ ಮತ್ತು ಜಾಗ, ಬಾಯಿಬಿಟ್ಟು ನೆರವು ಕೇಳಬಹುದಾದವರ ಹೆಸರು, ವೈದ್ಯರು ಮತ್ತು ಸಹಾಯವಾಣಿ. ಕೊನೆಗೆ ಮನೆಯಲ್ಲಿರುವ ಅಪಾಯಕಾರಿ ವಸ್ತುಗಳನ್ನು ದೂರ ಮಾಡುವುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 1,640 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಯೋಜನೆಯ ಜೊತೆಗೆ ಫೋನ್ ಮೂಲಕ ವಿಚಾರಿಸಿಕೊಂಡ ಗುಂಪಿನಲ್ಲಿ ಆರು ತಿಂಗಳೊಳಗಿನ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆಯಿತ್ತು.

ಯೋಜನೆ ಕೆಡುವುದೂ ಉಂಟು. ಮನೆಯವರು ತಾವೇ ಬರೆದುಕೊಟ್ಟರೆ ಅದು ಬರೀ ಕಾಗದ. ‘ಸಮಾಧಾನವಾಗಿರುವುದು’ ಎಂದು ಬರೆದರೆ ಆ ಹೊತ್ತಿನಲ್ಲಿ ಮಾಡಲು ಏನೂ ಇರುವುದಿಲ್ಲ. ‘ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕೂರುವುದು’ ಎಂದು ಬರೆಯಬೇಕು. ಕೊನೆಯ ಹಂತವನ್ನು ಆ ವ್ಯಕ್ತಿಗೇ ಬಿಡಬಾರದು, ಕೀಲಿ ಬೇರೊಬ್ಬರ ಕೈಯಲ್ಲಿರಬೇಕು. ‘ನನ್ನ ಮೇಲೆ ಆಣೆ ಮಾಡು’ ಎಂದು ಭಾಷೆ ತೆಗೆದುಕೊಳ್ಳುವುದರಿಂದ ಉಪಯೋಗವಿದೆ ಎಂಬುದಕ್ಕೆ ಆಧಾರವಿಲ್ಲ. ಆಣೆ ಇಟ್ಟವರು ಆಮೇಲೆ ಯೋಚನೆ ಮರಳಿದರೂ ಹೇಳಿಕೊಳ್ಳಲು ಹಿಂಜರಿಯುತ್ತಾರೆ.

ಸಾವಿನ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಅಂಜಿಕೆಯೂ ಬೇಡ. ನ್ಯೂಯಾರ್ಕ್ ರಾಜ್ಯದ 2,342 ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಮ್ಯಾಡೆಲಿನ್ ಗೌಲ್ಡ್ ನಡೆಸಿದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಶ್ನೆಯಿಂದ ಹಾನಿಯಾಗಲಿಲ್ಲ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ, ಉತ್ತರಕ್ಕೆ ಕಾಯಿರಿ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆ ತಪ್ಪಿಸುವ ಕುಟುಂಬಗಳು ಇನ್ನೂ ಇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ಹೊರಿಸಿದೆ. ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಇಲ್ಲ; ಸರ್ಕಾರಿ ನೌಕರನ ಕರ್ತವ್ಯದ ವಿಷಯದಲ್ಲಿ ಒತ್ತಾಯ ಹೇರುವ ಅಥವಾ ಅಡ್ಡಿಪಡಿಸುವ ಉದ್ದೇಶದಿಂದ ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಅಪರಾಧ. ನಿಮ್ಹಾನ್ಸ್ ಸಮನ್ವಯದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಪ್ರಾಣಕ್ಕೆ ತಕ್ಷಣದ ಅಪಾಯವಿದ್ದರೆ 112 ಅಥವಾ ಆಂಬುಲೆನ್ಸಿಗೆ 108.