ಜೇಕಿನ ಗುರುತು ಕಾಯಿಯಲ್ಲಿದೆ

ಹುಲ್ಲಿನ ನಡುವೆ ನಿಂತ ಜೇಕನ್ನು ಹುಲ್ಲೆಂದೇ ತಿಳಿದು ದಾಟಿಹೋಗುವವರೇ ಹೆಚ್ಚು. ದಂಟನ್ನು ಎರಡು ಬೆರಳ ನಡುವೆ ಹಿಡಿದು ಹೊರಳಿಸಿ ನೋಡಿ. ಹುಲ್ಲಿನದು ದುಂಡಗೆ ಉರುಳುತ್ತದೆ, ಒಳಗೆ ಹೆಚ್ಚಾಗಿ ಟೊಳ್ಳು. ಜೇಕಿನದು ಸಾಮಾನ್ಯವಾಗಿ ಮೂರು ಏಣಾಗಿ ಬೆರಳಿಗೆ ತಗಲುತ್ತದೆ, ಒಳಗೆ ಗಟ್ಟಿ. ಎಲೆಗಳೂ ಹುಲ್ಲಿನಲ್ಲಿ ಎರಡು ಸಾಲು, ಜೇಕಿನಲ್ಲಿ ಮೂರು.

ಕುಟುಂಬ ತಿಳಿಯುವುದು ಇಷ್ಟು ಸುಲಭ. ಕಷ್ಟವೆಲ್ಲ ಆಮೇಲಿನದು. ಜೇಕುಗಳ ಕುಟುಂಬವಾದ ಸೈಪರೇಸಿಯಲ್ಲಿ ಸುಮಾರು 5,500 ಪ್ರಭೇದಗಳಿವೆ. ಅದರಲ್ಲಿ ಕೇರೆಕ್ಸ್ ಎಂಬ ಒಂದೇ ಕುಲಕ್ಕೆ ಸುಮಾರು 2,000. ಬಣ್ಣದ ಎಸಳಿಲ್ಲ, ಎಲೆಗಳೆಲ್ಲ ಒಂದೇ ಥರ. ಎತ್ತರವನ್ನಂತೂ ನಂಬಲೇಬಾರದು: ನೆರಳಿನಲ್ಲಿ ಸೊರಗಿ ಉದ್ದವಾದದ್ದೂ, ದನ ಮೇಯ್ದು ಗಿಡ್ಡವಾದದ್ದೂ ಒಂದೇ ಗಿಡವಾಗಿರಬಹುದು. ಅಪರೂಪದ್ದು ಸಿಕ್ಕಿತೆಂಬ ಸಂಭ್ರಮ ಎಷ್ಟೋ ಸಲ ಇಲ್ಲಿಯೇ ಎಡವುತ್ತದೆ.

ನನಗೆ ಗುರುತುಗಳಲ್ಲಿ ಅತ್ಯಂತ ಪ್ರಿಯವಾದದ್ದು ಕೇರೆಕ್ಸ್‌ನ ಕಾಯಿಚೀಲ. ಪ್ರತಿ ಹೆಣ್ಣು ಹೂವನ್ನೂ ಒಂದು ಪುಟ್ಟ ಚೀಲ ಪೂರ್ತಿ ಮುಚ್ಚಿಕೊಂಡಿರುತ್ತದೆ. ಯುಟ್ರಿಕಲ್ ಎಂದು ಅದರ ಹೆಸರು. ಬಾಯಿಯ ಕಿಂಡಿಯಿಂದ ಶಲಾಕಾಗ್ರಗಳು, ಅಂದರೆ ಪರಾಗ ಹಿಡಿಯುವ ತುದಿಗಳು ಮಾತ್ರ ಹೊರಗೆ ಚಾಚಿರುತ್ತವೆ. ಅವು ಎರಡಿದ್ದರೆ ಒಳಗಿನ ಕಾಳು ಸಾಮಾನ್ಯವಾಗಿ ಮಸೂರದಂತೆ ಚಪ್ಪಟೆ, ಮೂರಿದ್ದರೆ ಮೂರು ಮುಖದ್ದು. ಚೀಲಕ್ಕೆ ಕೊಕ್ಕಿದೆಯೇ, ಕೊಕ್ಕು ನೇರವೋ ಬಾಗಿದೆಯೋ, ತುದಿ ಸೀಳಿದೆಯೇ, ಮೈಮೇಲೆ ನರವೆದ್ದಿದೆಯೇ, ರೋಮವಿದೆಯೇ ಎಂದು ಹತ್ತುಪಟ್ಟು ದೊಡ್ಡದಾಗಿ ತೋರುವ ಮಸೂರ ಹಿಡಿದು ನೋಡಬೇಕು. ವೆರೈಟಿ ಎಂದರೆ ಪ್ರಭೇದಕ್ಕಿಂತ ಕೆಳಗಿನ ಹಂತ. ಎರಡು ವೆರೈಟಿಗಳ ನಡುವಿನ ವ್ಯತ್ಯಾಸ ಕೆಲವೊಮ್ಮೆ ಕೊಕ್ಕಿನ ಅರ್ಧ ಮಿಲಿಮೀಟರಿನಲ್ಲಿ ಅಡಗಿರುತ್ತದೆ. ಅದಕ್ಕೇ ಒಂದು ಚೀಲ ಅಳೆದರೆ ಸಾಲದು. ಹಲವು ಗಿಡಗಳ ಹತ್ತಾರು ಚೀಲ ಅಳೆಯಬೇಕು.

ಕಾಯಿ ಬಲಿಯುವ ಮುನ್ನ ಹೆಸರಿಡಲು ಹೋಗುವುದು ಆತುರವೇ ಸರಿ. ಬಲಿತ ಕಾಲದಲ್ಲೂ ಚೀಲ ಹಿಚುಕಿದಾಗ ಒಳಗೆ ಕಾಳು ಸಿಗದಿದ್ದರೆ ಅದು ಎರಡು ಪ್ರಭೇದಗಳ ಬೆರಕೆಯಿರಬಹುದು. ಕೇರೆಕ್ಸ್‌ನಲ್ಲಿ ಬೆರಕೆ ಅಪರೂಪವಲ್ಲ, ಬೆರಕೆಗಳಲ್ಲಿ ಬಹಳಷ್ಟು ಬಂಜೆ. ಅದನ್ನು ಹೊಸ ವೆರೈಟಿ ಎಂದು ದಾಖಲಿಸಿಬಿಟ್ಟರೆ ಮುಂದಿನವರೆಲ್ಲ ಇಲ್ಲದ ಗಿಡವನ್ನು ಹುಡುಕುತ್ತಾರೆ.

ಗಿಡ ನಿಜಕ್ಕೂ ಅಪರೂಪದ್ದಾದರೆ ಬುಡಸಮೇತ ಕೀಳುವ ಮಾತೇ ಬೇಡ. ಅನುಮತಿಯಿದ್ದರೆ ಕಾಯಿ ಬಲಿತ ಒಂದು ದಂಟು ಸಾಕು. ಉಳಿದದ್ದಕ್ಕೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆಯಿರಿ. ಬುಡದ ಪೊರೆಯ ಬಣ್ಣ ಕೆಂಪೋ ಕಂದೋ, ಗಿಡ ಗುಂಪಾಗಿದೆಯೋ ನೆಲದಡಿ ಹರಿದಿದೆಯೋ, ಕಾಲಡಿ ಕೆಸರೋ ಒಣನೆಲವೋ ಎಂಬುದನ್ನು ಅಲ್ಲೇ ಬರೆದುಕೊಳ್ಳಬೇಕು. ಒಣಗಿಸಿದ ಗಿಡಗಳನ್ನು ಕಾಪಿಡುವ ಹರ್ಬೇರಿಯಂನಲ್ಲಿ, ಪ್ರಭೇದಕ್ಕೆ ಹೆಸರಿಡಲು ಆಧಾರವಾದ ಮೂಲ ಮಾದರಿಯ ಪಕ್ಕ ಇಟ್ಟು ಹೋಲಿಸುವ ಹೊತ್ತಿಗೆ ಒಣಗಿದ ದಂಟಿನಲ್ಲಿ ಇವು ಯಾವುವೂ ಉಳಿದಿರುವುದಿಲ್ಲ.