ಸಂತ ಪ್ಯಾಟ್ರಿಕ್ ಹಾವು ಓಡಿಸಿದ್ದು ನಿಜವೇ?

ಐರ್ಲೆಂಡಿನ ಸಂತ ಪ್ಯಾಟ್ರಿಕ್ಕರ ಮಾರ್ಚ್ 17ರ ಹಬ್ಬ ಹತ್ತಿರ ಬಂತೆಂದರೆ ಇದೇ ಪ್ರಶ್ನೆ: "ಐರ್ಲೆಂಡಿನಲ್ಲಿ ಹಾವಿಲ್ಲದಿರುವುದು ಸಂತ ಪ್ಯಾಟ್ರಿಕ್ಕರಿಂದಲೇ ಅಲ್ವಾ?"

ಅಲ್ಲ. ಹೋದ ವರ್ಷವೂ ಅಲ್ಲ ಅಂದಿದ್ದೆ. ಈ ಸಲ ಬಿಡಿಸಿ ಹೇಳುತ್ತೇನೆ.

ಹಿಮಯುಗದಲ್ಲಿ ಐರ್ಲೆಂಡಿನ ಬಹುಪಾಲು ನೆಲ ಮಂಜುಗಡ್ಡೆಯ ಅಡಿಯಲ್ಲಿತ್ತು. ಆ ಚಳಿಗೆ ಹಾವು ಬದುಕುವುದಿಲ್ಲ. ಮಂಜು ಕರಗಿ ಸಮುದ್ರ ಏರಿದಾಗ ಐರ್ಲೆಂಡ್ ಮೊದಲು ದ್ವೀಪವಾಯಿತು. ಬ್ರಿಟನ್ ಆಗಿನ್ನೂ ಯುರೋಪಿಗೆ ಅಂಟಿಕೊಂಡಿತ್ತು. ಹಾಗಾಗಿ ಅಲ್ಲಿಗೆ ಮೂರು ಜಾತಿಯ ಹಾವು ಹರಿದುಬಂದವು, ಐರ್ಲೆಂಡಿಗೆ ಒಂದೂ ಬರಲಿಲ್ಲ.

ವಿಜ್ಞಾನ ಬೇಡ ಅನ್ನುವವರು ಹಳೆಯ ಬರಹಗಳನ್ನೇ ನೋಡಿ. ಪ್ಯಾಟ್ರಿಕ್ 5ನೇ ಶತಮಾನದವರು. ಆ ದ್ವೀಪದಲ್ಲಿ ಹಾವಿಲ್ಲ ಎಂದು ರೋಮಿನ ಬರಹಗಾರ ಸೊಲೈನಸ್ 3ನೇ ಶತಮಾನದಲ್ಲೇ ಬರೆದಿದ್ದ! 7ನೇ ಶತಮಾನದಲ್ಲಿ ಐರ್ಲೆಂಡಿನ ಸನ್ಯಾಸಿ ಮುಯಿರ್ಕೂ ಬರೆದ ಪ್ಯಾಟ್ರಿಕ್ಕರ ಚರಿತ್ರೆಯ ತುಂಬ ಪವಾಡಗಳಿವೆ, ಹಾವು ಮಾತ್ರ ಇಲ್ಲ. ಹಾವಿನ ಕಥೆ ಬಲ ಪಡೆದದ್ದು 12ನೇ ಶತಮಾನದಲ್ಲಿ. ಅದೇ ಶತಮಾನದ ವೇಲ್ಸ್‌ನ ಪಾದ್ರಿ, ಬರಹಗಾರ ಜೆರಾಲ್ಡ್ ಕೂಡ ಅದನ್ನು ನಂಬಲಿಲ್ಲ.

"ಹಾವು ಅಂದರೆ ಹಳೆಯ ಧರ್ಮದ ಡ್ರೂಯಿಡ್ ಪೂಜಾರಿಗಳು" ಎಂದು ಕೆಲವರು ಅರ್ಥ ಹೇಳುತ್ತಾರೆ. ಡ್ರೂಯಿಡರ ಜೊತೆಗಿನ ಜಗಳ ಮುಯಿರ್ಕೂ ಬರಹದಲ್ಲಿ ನೇರವಾಗಿಯೇ ಇದೆ. ಅದನ್ನು ಹಾವಿನ ಮರೆಯಲ್ಲಿ ಹೇಳುವ ಅಗತ್ಯ ಯಾರಿಗಿತ್ತು?

ಪ್ಯಾಟ್ರಿಕ್ಕರ ನಿಜವಾದ ಬದುಕು ಇದಕ್ಕಿಂತ ದೊಡ್ಡದು. ಪ್ಯಾಟ್ರಿಕ್ ಐರಿಷ್ ಅಲ್ಲ, ಬ್ರಿಟನ್ನಿನ ಹುಡುಗ. ಸುಮಾರು 16ನೇ ವಯಸ್ಸಿನಲ್ಲಿ ದಾಳಿಕೋರರು ಹೊತ್ತೊಯ್ದು ಗುಲಾಮನಾಗಿ ಮಾಡಿಕೊಂಡರು. ಆರು ವರ್ಷ ಐರ್ಲೆಂಡಿನಲ್ಲಿ ದನಕುರಿ ಕಾದು, ತಪ್ಪಿಸಿಕೊಂಡು ಮನೆ ಸೇರಿದರು. ಆಮೇಲೆ ಬಿಷಪ್ ಆಗಿ ಅದೇ ನೆಲಕ್ಕೆ ವಾಪಸ್ ಹೋದರು. ಕೊರೊಟಿಕಸ್ ಎಂಬ ದೊರೆಯ ಸೈನಿಕರು ಆಗಷ್ಟೇ ದೀಕ್ಷಾಸ್ನಾನ ಪಡೆದವರಲ್ಲಿ ಕೆಲವರನ್ನು ಕೊಂದು, ಉಳಿದವರನ್ನು ಸೆರೆಹಿಡಿದು ಒಯ್ದರು. ಆ ಹೊಸ ಕ್ರೈಸ್ತರು ತೊಟ್ಟಿದ್ದ ಬಿಳಿ ಬಟ್ಟೆ, ಹಣೆಯ ಮೇಲಿನ್ನೂ ಸುವಾಸನೆ ಬೀರುತ್ತಿದ್ದ ಪವಿತ್ರ ತೈಲ, ಎಲ್ಲವನ್ನೂ ನೆನೆದು ಪ್ಯಾಟ್ರಿಕ್ ಬರೆದ ಸಿಟ್ಟಿನ ಪತ್ರ ಇವತ್ತಿಗೂ ಉಳಿದಿದೆ. ಗುಲಾಮಗಿರಿ ಅನುಭವಿಸಿದವರ ಸಿಟ್ಟು ಅದು. ಮಕ್ಕಳಿಗೆ ಹೇಳಬೇಕಾದ್ದು ಈ ಕಥೆ.

ಹಾಗಾದರೆ ಯಾವ ಪೋಪ್ ಇವರನ್ನು ಸಂತ ಎಂದು ಸಾರಿದರು? ಯಾರೂ ಇಲ್ಲ. ಪೋಪ್ ಹಾಗೆ ಸಾರಿದ್ದಕ್ಕೆ ಸಿಗುವ ಮೊದಲ ಖಚಿತ ದಾಖಲೆ 993ರದು, ಆಗ್ಸ್‌ಬರ್ಗಿನ ಬಿಷಪ್ ಉಲ್ರಿಕ್ ವಿಷಯದಲ್ಲಿ. ಅದಕ್ಕೂ ಮುಂಚೆ ಜನರ ಭಕ್ತಿ, ಸ್ಥಳೀಯ ಚರ್ಚಿನ ಒಪ್ಪಿಗೆ ಇದ್ದರೆ ಸಾಕಿತ್ತು. ಆ ಭಕ್ತಿ ಈಗಲೂ ಇದೆ: ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಐರ್ಲೆಂಡಿನಲ್ಲಿ ಇವರ ಹೆಸರಿನ ಕ್ರೋ ಪ್ಯಾಟ್ರಿಕ್ ಬೆಟ್ಟ ಹತ್ತುತ್ತಾರೆ, ಕೆಲವರು ಬರಿಗಾಲಿನಲ್ಲೇ.