ಬಲೆಗೆ ಬಿಡ್ತಾರೆ, ಗಾಳಕ್ಕೆ ಯಾಕೆ ಬಿಡಲ್ಲ?

ಓದುಗರ ಪ್ರಶ್ನೆ: ನಾವು ಸಿಯಾಟಲ್‌ನಲ್ಲಿದ್ದೇವೆ. ಜುಲೈನಲ್ಲಿ ಮನೆಯವರೆಲ್ಲ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಹೋಗಿದ್ದೆವು. ಸಾಲ್ಚಾ ನದಿಯಲ್ಲಿ ಒಂದಾದರೂ ಕಿಂಗ್ ಸಾಲ್ಮನ್ ಹಿಡಿಯಬೇಕು ಅಂತ ದುಡ್ಡು ಕೊಟ್ಟು ಲೈಸೆನ್ಸ್ ಮಾಡಿಸಿದೆ. ಗಾಳದ ಅಂಗಡಿಯವರು 'ಕಿಂಗ್ ಬಂದ್ ಆಗಿದೆ, ಹಿಡಿದು ವಾಪಸ್ ಬಿಡೋದಕ್ಕೂ ಇಲ್ಲ' ಅಂದರು. ಎರಡು ದಿನ ಬಿಟ್ಟು ಯೂಕಾನ್ ನದಿಯ ಸೇತುವೆ ಹತ್ತಿರ ಹೋದರೆ, ಅಲ್ಲಿಯವರೊಬ್ಬರು ದಡದಲ್ಲಿ ಬಲೆ ಕಟ್ಟಿ ಮೀನು ಬಿಡಿಸುತ್ತಿದ್ದರು. ಒಂದು ಗಾಳಕ್ಕೆ ಇಲ್ಲ, ಬಲೆಗೆ ಇದೆ. ಇದು ಯಾವ ನ್ಯಾಯ?

ಉತ್ತರ: ನೀವು ನೋಡಿದ ಬಲೆಯಿಂದಲೇ ಶುರು ಮಾಡೋಣ. ಅದು ಸಾಲ್ಮನ್ ಬಲೆ ಆಗಿರಲಿಕ್ಕಿಲ್ಲ.

ಯೂಕಾನ್‌ನಲ್ಲಿ ಸಾಲ್ಮನ್ ಬಂದ್ ಇದ್ದಾಗಲೂ ಊರಿನವರಿಗೆ ಬೇರೆ ಮೀನು ಹಿಡಿಯಲು ಒಂದು ದಾರಿ ಬಿಟ್ಟಿರುತ್ತಾರೆ. ಬಲೆಯ ಕಣ್ಣು 4 ಇಂಚು ಮೀರಬಾರದು. ಬಲೆಯ ಉದ್ದ 60 ಅಡಿ ದಾಟಬಾರದು. ಅದನ್ನು ದಡಕ್ಕೆ ಕಟ್ಟಿ ನಿಲ್ಲಿಸಿರಬೇಕು, ದೋಣಿಯಿಂದ ತೇಲಿಬಿಟ್ಟು ನದಿ ಗುಡಿಸುವ ಹಾಗಿಲ್ಲ. ಆ ಕಣ್ಣಿನಲ್ಲಿ ತಲೆ ತೂರಿಸಿ ಕಿವಿರಿಗೆ ಸಿಕ್ಕಿಬೀಳುವುದು ವೈಟ್‌ಫಿಶ್‌ನಂಥ ಸಣ್ಣ ಮೀನು. ದೊಡ್ಡ ಕಿಂಗ್‌ನ ತಲೆ ಅದರೊಳಗೆ ಹೋಗುವುದೇ ಇಲ್ಲ. ಅಪರೂಪಕ್ಕೆ ಹಲ್ಲೋ ಮೂತಿಯೋ ಸಿಕ್ಕಿಕೊಳ್ಳಬಹುದು, ಅಷ್ಟೆ. ಮುಂದಿನ ಸಲ ಹೋದಾಗ ಬಲೆಯ ಕಣ್ಣಿನೊಳಗೆ ನಿಮ್ಮ ಮುಷ್ಟಿ ಹಿಡಿಸುತ್ತದಾ ಅಂತ ಒಮ್ಮೆ ಅಂದಾಜು ಮಾಡಿ. ಹಿಡಿಸುವುದು ಕಷ್ಟ.

ಅಂದರೆ ಕಿಂಗ್ ಸಾಲ್ಮನ್ ನಿಮಗೂ ಇಲ್ಲ, ಆ ಬಲೆಯವರಿಗೂ ಇಲ್ಲ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಅಷ್ಟು ದೂರ ಹೋಗಿ ಬರಿಗೈಲಿ ಬರುವುದು ಯಾರಿಗೂ ಇಷ್ಟವಾಗಲ್ಲ. ಆದರೆ ಆ ದಡದಲ್ಲಿ ಇದ್ದವರು ಕಳೆದುಕೊಂಡಿರುವುದು ಒಂದು ರಜೆಯ ಸಂತೋಷಕ್ಕಿಂತ ಬಹಳ ದೊಡ್ಡದು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಮೀನು ಸ್ವಲ್ಪ ಜಾಸ್ತಿ ಇದ್ದು ಎಲ್ಲರಿಗೂ ಸಾಲದೇ ಹೋದರೆ? ಆಗ ಹೌದು, ಗಾಳದವರನ್ನೇ ಮೊದಲು ನಿಲ್ಲಿಸುತ್ತಾರೆ, ಊರಿನವರ ಬಲೆಯನ್ನು ಕೊನೆಗೆ. ಅಲಾಸ್ಕಾದ ಮೀನು ನಿರ್ವಹಣೆಯ ಜೀವಾಳವೇ ಈ ಸರದಿ. ಯಾರು ಎಷ್ಟು ಹಿಡಿಯಬೇಕು ಅನ್ನುವುದಕ್ಕಿಂತ, ಯಾರು ಮೊದಲು ಕೈ ಹಿಂದಕ್ಕೆ ತೆಗೆಯಬೇಕು ಅನ್ನುವುದು ಅಲ್ಲಿ ಮುಖ್ಯ.

ಎಲ್ಲಕ್ಕಿಂತ ಮೊದಲು ಬರುವುದು ಮೀನು. ಮೊಟ್ಟೆ ಇಡುವ ಜಾಗಕ್ಕೆ ಇಷ್ಟು ಮೀನು ತಲುಪಲೇಬೇಕು ಅಂತ ಒಂದು ಗುರಿ ಇರುತ್ತದೆ. ಆ ಗುರಿ ದಾಟಿದ ಮೇಲೆ ಉಳಿದದ್ದು ಮಾತ್ರ ಮನುಷ್ಯರ ಪಾಲು. ಆ ಪಾಲಿನಲ್ಲಿ ಮೊದಲ ಹಕ್ಕು ಮನೆಯೂಟಕ್ಕೆ ಹಿಡಿಯುವವರದ್ದು. ಇದನ್ನೇ ಸಬ್ಸಿಸ್ಟೆನ್ಸ್ ಅನ್ನುತ್ತಾರೆ. ಮಾರಾಟಕ್ಕೆ ಹಿಡಿಯುವವರು ಮತ್ತು ನಿಮ್ಮ ಹಾಗೆ ಹವ್ಯಾಸಕ್ಕೆ ಗಾಳ ಹಾಕುವವರು ಆಮೇಲೆ. ಮೀನು ಕಡಿಮೆಯಾದಾಗ ಈ ಸಾಲನ್ನು ಹಿಂದಿನಿಂದ ಕತ್ತರಿಸುತ್ತಾ ಬರುತ್ತಾರೆ.

ಇದು ಕಾನೂನಿಗೆ ಬಂದದ್ದು 1978ರಲ್ಲಿ, ರಾಜ್ಯದ ಕಾಯ್ದೆಯಾಗಿ. 1980ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಒಂದು ದೊಡ್ಡ ಕೇಂದ್ರ ಕಾಯ್ದೆ, ಕೇಂದ್ರದ ಜಮೀನುಗಳಲ್ಲಿ ಹಳ್ಳಿಗಾಡಿನವರಿಗೆ ಮೊದಲ ಹಕ್ಕು ಅಂತ ಬರೆಯಿತು. ಆದರೆ ರಾಜ್ಯದ ಸಂವಿಧಾನ 'ಮೀನು ಎಲ್ಲ ಜನರಿಗೂ ಸೇರಿದ್ದು' ಅನ್ನುತ್ತದೆ. ಹಾಗಾಗಿ 1989ರಲ್ಲಿ ಅಲಾಸ್ಕಾ ಸುಪ್ರೀಂ ಕೋರ್ಟ್, ಹಳ್ಳಿಯವರಿಗೆ ಮಾತ್ರ ಅಂತ ರಾಜ್ಯ ಹೇಳುವಂತಿಲ್ಲ ಎಂದಿತು. ಅಂದಿನಿಂದ ಎರಡು ನಿಯಮಗಳು ಒಂದೇ ನದಿಯ ಮೇಲೆ ಓಡುತ್ತಿವೆ. ಕೇಂದ್ರದ ಕಣ್ಣಿಗೆ ಹಳ್ಳಿಗಾಡಿನ ನಿವಾಸಿ ಮುಖ್ಯ. ರಾಜ್ಯದ ಕಣ್ಣಿಗೆ ಅಲಾಸ್ಕಾದಲ್ಲಿ ಒಂದು ವರ್ಷ ನೆಲೆ ನಿಂತ ಯಾರೇ ಆದರೂ ಸರಿ. ನೀವು ಸಿಯಾಟಲ್‌ನಿಂದ ಆಂಕರೇಜ್‌ಗೆ ಮನೆ ಬದಲಿಸಿ ವರ್ಷ ಕಳೆದರೆ, ರಾಜ್ಯದ ಲೆಕ್ಕದಲ್ಲಿ ನೀವೂ ಆ ಸಾಲಿಗೆ ಸೇರಬಹುದು.

ಇಲ್ಲಿ ಒಬ್ಬ ಅಜ್ಜಿಯ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕೇಟಿ ಜಾನ್. ಆಟ್ನಾ ಜನಾಂಗದ ಹಿರಿಯರು. ಕಾಪರ್ ನದಿಯ ಮೇಲ್ಭಾಗದಲ್ಲಿರುವ ಬಾಟ್ಜುಲ್ನೇಟಾಸ್ ಅನ್ನುವ ಜಾಗದಲ್ಲಿ ಅವರ ಮನೆತನ ತಲೆತಲಾಂತರದಿಂದ ಸಾಲ್ಮನ್ ಹಿಡಿಯುತ್ತಿತ್ತು. ರಾಜ್ಯ ಅಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿತ್ತು. ಕೆಳಗಡೆ ಬೇರೆಯವರು ಹಿಡಿಯುತ್ತಿರುವಾಗ ನಮ್ಮ ಜಾಗದಲ್ಲಿ ನಮಗೇ ಯಾಕಿಲ್ಲ ಅಂತ ಅವರು 1985ರಲ್ಲಿ ಕೋರ್ಟಿಗೆ ಹೋದರು. ನೋಡಿ, ನೀವು ಕೇಳಿದ್ದೂ ಹೆಚ್ಚುಕಡಿಮೆ ಅದೇ ಪ್ರಶ್ನೆ, ಅವರು ಕೇಳಿದ್ದು ನದಿಯ ಇನ್ನೊಂದು ತುದಿಯಿಂದ. ಕೇಸು ವರ್ಷಗಟ್ಟಲೆ ನಡೆಯಿತು. 1999ರಿಂದ ಕೇಂದ್ರದ ಜಮೀನಿಗೆ ಸೇರಿದ ಅಂಥ ನದಿಗಳಲ್ಲಿ ಸಬ್ಸಿಸ್ಟೆನ್ಸ್ ಮೀನಿನ ಹೊಣೆಯನ್ನು ಕೇಂದ್ರವೇ ಹೊತ್ತುಕೊಂಡಿತು. 2001ರಲ್ಲಿ ಆಗಿನ ಗವರ್ನರ್ ಟೋನಿ ನೋಲ್ಸ್ ಆ ಅಜ್ಜಿಯ ಮೀನುಬಿಡಾರಕ್ಕೇ ಹೋಗಿ ಮಾತಾಡಿದರು. ಆಮೇಲೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕುವುದನ್ನು ಕೈಬಿಟ್ಟರು. ಕೇಟಿ ಜಾನ್ ತೀರಿಕೊಂಡದ್ದು 2013ರಲ್ಲಿ.

ಮನೆಯೂಟಕ್ಕೆ ಅಷ್ಟು ದೊಡ್ಡ ಹಕ್ಕು ಕೊಟ್ಟರೆ ಮೀನೆಲ್ಲ ಖಾಲಿಯಾಗಲ್ವಾ ಅಂತ ಕೆಲವರು ಕೇಳುತ್ತಾರೆ. ಅಲಾಸ್ಕಾದಲ್ಲಿ ಹಿಡಿಯುವ ಒಟ್ಟು ಮೀನು ಮತ್ತು ಬೇಟೆಯ ತೂಕದಲ್ಲಿ ಸಬ್ಸಿಸ್ಟೆನ್ಸ್‌ನ ಪಾಲು ಸುಮಾರು ಶೇ 1. ಗಾಳದವರ ಪಾಲೂ ತೀರಾ ಸಣ್ಣದು. ಉಳಿದದ್ದೆಲ್ಲ ಮಾರಾಟದ ಮೀನುಗಾರಿಕೆ. ಆದರೆ ಆ ಶೇ 1 ಹಳ್ಳಿಯ ಒಂದು ಮನೆಗೆ ಏನು ಅಂತ ನೋಡಬೇಕು. ಹಳ್ಳಿಗಾಡಿನಲ್ಲಿ ತಲೆಗೆ ವರ್ಷಕ್ಕೆ ಸುಮಾರು 125 ಕಿಲೋ ಆಹಾರ ಕಾಡು ಮತ್ತು ನೀರಿನಿಂದಲೇ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೀನು.

ಯೂಕಾನ್ ದಡದ ಹೆಚ್ಚಿನ ಊರುಗಳಿಗೆ ರಸ್ತೆಯೇ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಗಾಡಿ, ಇಲ್ಲದಿದ್ದರೆ ಸಣ್ಣ ವಿಮಾನ. ಅಂಗಡಿಗೆ ಬರುವ ಕೋಳಿ ಮಾಂಸವೂ ವಿಮಾನದಲ್ಲೇ ಬರಬೇಕು. ಹಾಗಾಗಿ ಜೂನ್ ಬಂತೆಂದರೆ ಮನೆಮಂದಿಯೆಲ್ಲ ಮೀನುಬಿಡಾರಕ್ಕೆ ಹೋಗುತ್ತಾರೆ. ಕೆಲವು ಕಡೆ ಬಲೆ, ಕೆಲವು ಕಡೆ ಮೀನುಚಕ್ರ. ತೆಪ್ಪದ ಮೇಲೆ ನಿಲ್ಲಿಸಿದ ದೊಡ್ಡ ರಾಟೆ ಅದು, ಎರಡು ಬದಿಗೂ ಬುಟ್ಟಿ. ನದಿಯ ಸೆಳೆತಕ್ಕೇ ಅದು ಗಿರಗಿರ ತಿರುಗುತ್ತದೆ. ನೀರಿನಡಿ ಹೋದ ಬುಟ್ಟಿ ಮೇಲೆ ಬರುವಾಗ ಮೀನನ್ನು ಎತ್ತಿ ಪಕ್ಕದ ಪೆಟ್ಟಿಗೆಗೆ ಜಾರಿಸುತ್ತದೆ. ದಡದಲ್ಲಿ ಹೆಂಗಸರು ಅರ್ಧಚಂದ್ರದ ಹಾಗಿರುವ ಉಲು ಕತ್ತಿಯಲ್ಲಿ ಮೀನು ಸೀಳುತ್ತಾರೆ. ಬಾಲದ ಹತ್ತಿರ ಚರ್ಮ ಬಿಡಿಸದೆ ಎರಡು ಹೋಳು ಮಾಡಿ, ಕೋಲಿನ ಮೇಲೆ ಜೋತುಹಾಕುತ್ತಾರೆ. ಇನ್ನಷ್ಟನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಉಪ್ಪುನೀರಿನಲ್ಲಿ ಅದ್ದಿ, ಹೊಗೆಮನೆಯಲ್ಲಿ ದಿನಗಟ್ಟಲೆ ಹೊಗೆ ಕೊಡುತ್ತಾರೆ. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಅಂತ ಒಣಮೀನು ಕಟ್ಟಿಡುವವರಿಗೆ ಆ ವಾಸನೆ, ಆ ಗಡಿಬಿಡಿ ಎಲ್ಲ ಗೊತ್ತಾಗುತ್ತದೆ. ಮೊಮ್ಮಕ್ಕಳು ಕತ್ತಿ ಹಿಡಿಯುವುದು ಕಲಿಯುವುದೂ ಅಲ್ಲೇ.

ಈ ಬಿಡಾರಗಳು ಈಗ ಖಾಲಿ ಬಿದ್ದಿವೆ.

ಕಿಂಗ್ ಸಾಲ್ಮನ್‌ಗೆ ಚಿನೂಕ್ ಅಂತ ಇನ್ನೊಂದು ಹೆಸರು. ಬೇರಿಂಗ್ ಸಮುದ್ರದಿಂದ ಯೂಕಾನ್ ಒಳಗೆ ಬಂದು, ಕೆಲವು ಮೀನು ಕೆನಡಾದೊಳಗೆ 3,000 ಕಿ.ಮೀ. ತನಕ ಈಜುತ್ತವೆ. ನದಿಗೆ ಬಂದ ಮೇಲೆ ಅವು ತಿನ್ನುವುದಿಲ್ಲ. ಮೈಯಲ್ಲಿರುವ ಕೊಬ್ಬೇ ಬುತ್ತಿ. ಕೆನಡಾದಲ್ಲಿ ಹುಟ್ಟಿದ ಚಿನೂಕ್ ಕನಿಷ್ಠ 42,500 ಆದರೂ ಗಡಿ ದಾಟಿ ಮನೆ ಸೇರಬೇಕು ಅಂತ ಎರಡೂ ದೇಶಗಳು ಗುರಿ ಇಟ್ಟುಕೊಂಡಿದ್ದವು. 2022ರಲ್ಲಿ ಗಡಿಯ ಹತ್ತಿರ ಎಣಿಕೆಗೆ ಸಿಕ್ಕಿದ್ದು ಸುಮಾರು 12,000.

ಎಣಿಸುವುದು ಹೇಗೆ ಅಂತೀರಾ? ಯೂಕಾನ್ ನೀರು ಕೆಸರು, ಕಣ್ಣಿಗೆ ಏನೂ ಕಾಣಲ್ಲ. ಸಮುದ್ರದಿಂದ ಸುಮಾರು 200 ಕಿ.ಮೀ. ಮೇಲೆ ಪೈಲಟ್ ಸ್ಟೇಷನ್ ಅನ್ನುವ ಹಳ್ಳಿ ಇದೆ. ಅಲ್ಲಿ ಎರಡೂ ದಡದಿಂದ ನೀರಿನೊಳಗೆ ಸೋನಾರ್ ಶಬ್ದ ಬಿಡುತ್ತಾರೆ. ಮೀನು ಹಾದಾಗ ಶಬ್ದ ತಿರುಗಿ ಬರುತ್ತದೆ, ಪರದೆಯ ಮೇಲೆ ಗೆರೆ ಮೂಡುತ್ತದೆ. ಆದರೆ ಅದು ಯಾವ ಮೀನು ಅಂತ ಸೋನಾರ್ ಹೇಳುವುದಿಲ್ಲ. ಅದಕ್ಕೆ ದಿನಾ ಬೇರೆ ಬೇರೆ ಕಣ್ಣಿನ ಬಲೆ ತೇಲಿಬಿಟ್ಟು, ಎಷ್ಟು ಪಾಲು ಕಿಂಗ್, ಎಷ್ಟು ಚಮ್ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್, ಎಷ್ಟು ವೈಟ್‌ಫಿಶ್ ಅಂತ ನೋಡಿ ಲೆಕ್ಕ ಹಂಚುತ್ತಾರೆ. ಹುರುಪೆಯ ಉಂಗುರ ಎಣಿಸಿ ಮೀನಿನ ವಯಸ್ಸು ತಿಳಿಯುತ್ತಾರೆ. ಅಲ್ಲಿಂದ ಗಡಿಯ ಈಗಲ್ ಹಳ್ಳಿಯ ಸೋನಾರ್ ತಲುಪಲು ಮೀನಿಗೆ ಸುಮಾರು ಒಂದು ತಿಂಗಳು ಬೇಕು. ಆ ಒಂದು ತಿಂಗಳಲ್ಲೇ ಎಲ್ಲ ತೀರ್ಮಾನ ಆಗಬೇಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನದಿಯುದ್ದದ ಹಳ್ಳಿಗಳು ಒಂದೇ ಫೋನ್ ಲೈನಿಗೆ ಸೇರಿ, ನಮ್ಮಲ್ಲಿ ನೀರು ಹೇಗಿದೆ, ಮೊದಲ ಮೀನು ಬಂತಾ ಅಂತ ಹೇಳುತ್ತವೆ. ಅಂಕಿಯ ಜೊತೆ ಈ ಮಾತೂ ಸೇರಿದಾಗಲೇ ನದಿಯ ನಿಜವಾದ ಚಿತ್ರ ಸಿಗುತ್ತದೆ ಅಂತ ನನ್ನ ನಂಬಿಕೆ.

ಮೀನು ಯಾಕೆ ಕಡಿಮೆಯಾಯಿತು? ಒಂದೇ ಕಾರಣ ಅಂತ ಬೆರಳು ತೋರಿಸಲು ಆಗಲ್ಲ. ಸಮುದ್ರ ಬಿಸಿಯಾಗಿದೆ, ನದಿಯೂ ಬಿಸಿಯಾಗಿದೆ. 2019ರ ಬೇಸಿಗೆಯಲ್ಲಿ ಮೊಟ್ಟೆ ಇಡುವ ಮೊದಲೇ ಸಾಲ್ಮನ್ ಸತ್ತು ತೇಲಿದ್ದವು. ಇಕ್ತಿಯೋಫೋನಸ್ ಅನ್ನುವ ಪರಾವಲಂಬಿ ಕಾಟ ಕೊಡುತ್ತಿದೆ. ಹಿಂದೆ ದೊಡ್ಡ ಕಣ್ಣಿನ ಬಲೆಗಳು ದೊಡ್ಡ ಹೆಣ್ಣು ಮೀನುಗಳನ್ನೇ ಆರಿಸಿ ಎತ್ತಿದವು, ಹೆಚ್ಚು ಮೊಟ್ಟೆ ಇರುವುದು ಅವುಗಳಲ್ಲೇ. 2011ರಿಂದ ಸಾಲ್ಮನ್ ಬಲೆಯ ಕಣ್ಣು 7.5 ಇಂಚು ದಾಟಬಾರದು ಅಂತ ಮಾಡಿದರು. ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಅನ್ನುವ ಮೀನು ಹಿಡಿಯುವ ದೊಡ್ಡ ಟ್ರಾಲರ್‌ಗಳಿಗೆ 2007ರಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಚಿನೂಕ್ ಅಕಸ್ಮಾತ್ತಾಗಿ ಸಿಕ್ಕವು. ಅವೆಲ್ಲ ಯೂಕಾನ್‌ನವಲ್ಲ, ಆಮೇಲೆ ಅದಕ್ಕೂ ಮಿತಿ ಬಂತು. ಆದರೂ ಹಳ್ಳಿಯವರ ಕೋಪ ನ್ಯಾಯವಾದದ್ದು. ಒಂದು ಮೀನಿಗೆ ನಮಗೆ ದಂಡ, ಅಲ್ಲಿ ಸಾವಿರಾರು ಸತ್ತರೂ ಹಡಗು ಓಡುತ್ತದೆ ಅಂತ ಅವರು ಕೇಳಿದರೆ ಏನು ಉತ್ತರ ಕೊಡುವುದು? ದಕ್ಷಿಣಕ್ಕಿರುವ ಕಸ್ಕೊಕ್ವಿಮ್ ನದಿಯಲ್ಲಿ 2012ರ ಜೂನ್‌ನಲ್ಲಿ ಬಂದ್ ಇದ್ದಾಗಲೂ ಅಲ್ಲಿನ ಯೂಪಿಕ್ ಜನಾಂಗದ ಮೀನುಗಾರರು ಬಲೆ ಬಿಟ್ಟರು. ಹತ್ತಾರು ಜನರ ಮೇಲೆ ಕೇಸಾಯಿತು. ಮೀನು ಹಿಡಿಯುವುದು ನಮ್ಮ ನಂಬಿಕೆಯ ಭಾಗ ಅಂತ ಅವರು ವಾದಿಸಿದರು, ಕೋರ್ಟ್ ಒಪ್ಪಲಿಲ್ಲ. ಅದೇ ನದಿಯಲ್ಲಿ 2015ರಲ್ಲಿ ಬುಡಕಟ್ಟುಗಳು ಸೇರಿ ತಮ್ಮದೇ ಮೀನು ಆಯೋಗ ಕಟ್ಟಿದವು. ಈಗ ಕೇಂದ್ರದ ಅಧಿಕಾರಿಗಳ ಜೊತೆ ಕೂತು, ಯಾವ ದಿನ ಎಷ್ಟು ಗಂಟೆ ಬಲೆ ಬಿಡಬಹುದು ಅಂತ ಚರ್ಚೆ ಮಾಡುವುದು ಅವರೇ. ನನಗೆ ಈ ದಾರಿ ಸರಿ ಅನಿಸುತ್ತದೆ. ಬಲೆ ಎತ್ತಿಡಿ ಅನ್ನುವ ಮಾತು ಊರಿನವರ ಬಾಯಿಂದಲೇ ಬಂದಾಗ ಅದಕ್ಕೆ ಬೇರೆ ತೂಕ ಇರುತ್ತದೆ.

2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ, ಯೂಕಾನ್‌ನ ಚಿನೂಕ್ ಅನ್ನು ಏಳು ವರ್ಷ ಮುಟ್ಟುವುದಿಲ್ಲ ಅಂತ ಒಪ್ಪಂದ ಮಾಡಿಕೊಂಡವು. ಏಳು ವರ್ಷ ಅಂದರೆ ಆ ಮೀನಿನ ಒಂದು ಪೂರ್ತಿ ಬಾಳು. ಗಡಿ ದಾಟಬೇಕಾದ ಮೀನಿಗೆ ಈ ಒಪ್ಪಂದ ಇಟ್ಟ ಗುರಿ 71,000. ಆಚರಣೆಗೆ ಅಂತ ತೀರಾ ಸ್ವಲ್ಪ ಬಿಟ್ಟರೆ ಮನೆಯೂಟಕ್ಕೂ ಇಲ್ಲ. ಅಂದರೆ ಸರದಿಯ ಕೊನೆಯವರನ್ನೂ ನಿಲ್ಲಿಸಿ ಆಗಿದೆ. ಕೆನಡಾ ಕಡೆ ಟೆಸ್ಲಿನ್‌ನ ಟ್ಲಿಂಗಿಟ್ ಜನ ಇದಕ್ಕೂ ಎಷ್ಟೋ ವರ್ಷ ಮೊದಲೇ ತಾವಾಗಿಯೇ ಬಲೆ ಎತ್ತಿಟ್ಟಿದ್ದರು.

ಇನ್ನೊಂದು ಮಾತು ಉಳಿದಿದೆ. ಹಿಡಿದು ವಾಪಸ್ ಬಿಟ್ಟರೆ ಏನು ನಷ್ಟ ಅಂತ ನಿಮಗೆ ಅನಿಸಿರಬಹುದು. ದಕ್ಷಿಣದ ಕೆನಾಯ್ ನದಿಯಲ್ಲಿ ಗಾಳಕ್ಕೆ ಸಿಕ್ಕ ಕಿಂಗ್‌ಗಳಿಗೆ ರೇಡಿಯೊ ಟ್ಯಾಗ್ ಹಾಕಿ ಬಿಟ್ಟು ನೋಡಿದ್ದರು. ಸರಾಸರಿ ನೂರರಲ್ಲಿ ಏಳೆಂಟು ಸತ್ತವು. ಮೀನು ತುಂಬಿ ಬರುವಾಗ ಅದು ಸಣ್ಣ ಲೆಕ್ಕ. ಬುತ್ತಿ ಮುಗಿಸಿಕೊಂಡು ಬರುವ ಬೆರಳೆಣಿಕೆಯ ಮೀನಿನಲ್ಲಿ ಅದು ದೊಡ್ಡದೇ. ಅದಕ್ಕಿಂತ ಆಳವಾದ ವಿಷಯ ಬೇರೆ ಇದೆ. ಕ್ವಿನ್‌ಹಾಗಾಕ್ ಹಳ್ಳಿಯ ಪಕ್ಕದ ಕನೆಕ್‌ಟೋಕ್ ನದಿಗೆ ಹೊರಗಿನವರು ಗಾಳ ಹಿಡಿದು ಬಂದಾಗ, ಅಲ್ಲಿನ ಯೂಪಿಕ್ ಹಿರಿಯರಿಗೆ ನಿಜವಾಗಿ ನೋವಾಗಿತ್ತು. ಮೀನು ತಾನಾಗಿ ಬಂದು ಮನುಷ್ಯನಿಗೆ ತನ್ನನ್ನು ಕೊಟ್ಟುಕೊಳ್ಳುತ್ತದೆ, ಅದನ್ನು ಹಿಡಿದು ಆಟವಾಡಿಸಿ ಬಿಡುವುದು ಅವಮಾನ, ಅವಮಾನವಾದ ಮೀನು ಮತ್ತೆ ಬರಲ್ಲ ಅನ್ನುವುದು ಅವರ ತಿಳಿವಳಿಕೆ. ಅನ್ನವನ್ನು ಕಾಲಿಂದ ತಳ್ಳಬಾರದು ಅಂತ ಕಲಿತು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಅಲಾಸ್ಕಾಕ್ಕೆ ಗಾಳ ತೆಗೆದುಕೊಂಡು ಹೋಗಲೇಬೇಡಿ ಅಂತ ನಾನು ಹೇಳಲ್ಲ. ನೀವು ಕಟ್ಟುವ ಲೈಸೆನ್ಸ್ ದುಡ್ಡು ಮತ್ತು ಗಾಳದ ಸಾಮಾನಿನ ಮೇಲಿನ ತೆರಿಗೆ ಅಲ್ಲಿನ ಮೀನಿನ ಕೆಲಸಕ್ಕೇ ಹೋಗುತ್ತದೆ. ಸಾಲ್ಚಾದಂಥ ನದಿಗಳಲ್ಲಿ ಗ್ರೇಲಿಂಗ್ ಇದೆ. ಹಾಯಿಯ ಹಾಗೆ ಎತ್ತರದ ಬೆನ್ನುರೆಕ್ಕೆಯ ಚೆಂದದ ಮೀನು ಅದು. ನಿಧಾನ ನೀರಿರುವ ಕಡೆ ಪೈಕ್ ಸಿಗುತ್ತದೆ. ಹೊರಡುವ ದಿನವೇ ಮೀನು ಇಲಾಖೆಯ ತುರ್ತು ಆದೇಶಗಳನ್ನು ಓದಿಕೊಳ್ಳಿ. ಅಚ್ಚಾದ ನಿಯಮ ಪುಸ್ತಕ ಒಂದನ್ನೇ ನಂಬಬೇಡಿ, ಅಲ್ಲಿ ನಿಯಮ ಗಂಟೆಗಳಲ್ಲಿ ಬದಲಾಗುತ್ತದೆ. ಗ್ರೇಲಿಂಗ್‌ಗೆ ಹಾಕಿದ ಸಣ್ಣ ಗಾಳಕ್ಕೆ ಕಿಂಗ್ ಕಚ್ಚಿಬಿಟ್ಟರೆ ಎಳೆದಾಡಬೇಡಿ. ಫೋಟೊಗೆ ಅಂತ ನೀರಿನಿಂದ ಮೇಲೆತ್ತಲೇಬೇಡಿ. ಗಾಳದ ಹತ್ತಿರವೇ ದಾರ ಕತ್ತರಿಸಿ ಬಿಡಿ. ಸಾಲ್ಚಾ ತಲುಪಿದ ಕಿಂಗ್ ಸಮುದ್ರ ಬಿಟ್ಟು ಸುಮಾರು 1,500 ಕಿ.ಮೀ. ಈಜಿ ಬಂದಿರುತ್ತದೆ. ಅದು ಮೊಟ್ಟೆ ಇಡುವ ಜಲ್ಲಿಕಲ್ಲಿನ ಜಾಗ ಅಲ್ಲೇ ಸ್ವಲ್ಪ ಮೇಲಿದೆ.